ಗರಸಿನ ಹಾದಿಯಲ್ಲಿ ತಗಡೂರಿಗೆ



ಹೋದ ಸಂಚಿಕೆ ತಮ್ಮ ಕೈ ಸೇರಿದ ಮೇಲೆ ಹಾಸನದ ಕಡೆಯ ಸೋದರಿಯೊಬ್ಬರು ನಮಗೆ ಪತ್ರ ಬರೆದರು. "ರಜೆ ಬಂತೆಂದರೆ ಮಕ್ಕಳು ಮೊಬೈಲು ಬಿಟ್ಟು ಏಳುವುದಿಲ್ಲ. ಸೈಕಲ್ ಕೊಡಿಸಿದೆವು. ಆದರೆ ಅವರನ್ನು ರಸ್ತೆಗೆ ಬಿಡಲು ಎದೆ ನಡುಗುತ್ತದೆ. ಏನು ಮಾಡೋಣ?" ಎಂದು ಅವರ ಪ್ರಶ್ನೆ. ಈ ಪತ್ರವನ್ನು ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತೆವು. ಏಕೆಂದರೆ ಅದೇ ನಡುಕ ನಮ್ಮ ಮನೆಯಲ್ಲೂ ಮೂರು ವರ್ಷಗಳಿಂದ ಇತ್ತು.

ಮೂರು ವರ್ಷಗಳ ಹಿಂದೆ ನಮ್ಮ ಭಾವನವರು ಮುನಿಸಂಘದ ವಿಹಾರದಲ್ಲಿ ಜೊತೆಯಾಗಿ ಹೆದ್ದಾರಿಯ ಅಂಚಿನಲ್ಲಿ ನಡೆಯುತ್ತಿದ್ದರು. ಇನ್ನೂ ಪೂರ್ತಿ ಬೆಳಕು ಹರಿದಿರಲಿಲ್ಲ. ಹಿಂದಿನಿಂದ ಬಂದ ಸರಕಿನ ವಾಹನವೊಂದು ಅವರಿಗೆ ತಗುಲಿಕೊಂಡು ಹೋಯಿತು. ಪೂಜ್ಯರಿಗೆ ಏನೂ ಆಗಲಿಲ್ಲ. ಭಾವನವರ ಕಾಲಿನ ಮೂಳೆ ಮುರಿಯಿತು. ಇಂದಿಗೂ ಅವರಿಗೆ ಊರುಗೋಲು ಬೇಕು. ಅದಕ್ಕಿಂತ ಹೆಚ್ಚಾಗಿ, ಹಿಂದಿನಿಂದ ಯಾವ ಸದ್ದು ಬಂದರೂ ಬೆಚ್ಚಿ ತಿರುಗಿ ನೋಡುವ ಅಭ್ಯಾಸ ಅವರಿಗೆ ಅಂಟಿಕೊಂಡಿತು. ಆ ದಿನದಿಂದ ನಮ್ಮ ಮಕ್ಕಳ ಎರಡು ಸೈಕಲ್ಲುಗಳೂ ಹಿತ್ತಿಲಿನ ಜಗಲಿಯಲ್ಲಿ ಗೋಡೆಗೊರಗಿ ಧೂಳು ಹಿಡಿದವು. ಮಗಳಿಗೆ ಈಗ ಹದಿನಾಲ್ಕು, ಮಗನಿಗೆ ಹನ್ನೆರಡು. ಬೇಡ ಎಂದು ನಾವು ಬಾಯಿಬಿಟ್ಟು ಹೇಳಲಿಲ್ಲ, ಅವರೂ ಕೇಳಲಿಲ್ಲ.

ಈ ಮೌನವನ್ನು ಮುರಿದವರು ಭಾವನವರೇ. ಕಳೆದ ದೀಪಾವಳಿಗೆ ಬಂದಾಗ ಆ ಸೈಕಲ್ಲುಗಳನ್ನು ನೋಡಿ, "ತಪ್ಪು ಮಾಡಿದ್ದು ಸೈಕಲ್ಲಲ್ಲ, ಕಾಲೂ ಅಲ್ಲ. ಅವಕ್ಕೆ ದಾರಿ ಇಲ್ಲದಂತೆ ಮಾಡಿದ್ದು ನಾವು. ವಾಹನವಿಲ್ಲದ ದಾರಿ ಹುಡುಕಿ, ನಾನೂ ಬರುತ್ತೇನೆ" ಎಂದರು. ಎಲ್ಲಿ ಹುಡುಕುವುದು ಎಂದಾಗ ಅವರೇ ಹೆಸರು ಹೇಳಿದರು: ಧರ್ಮಪುರಿ.

ಧರ್ಮಪುರಿಯೇ ಏಕೆ? ಅದರ ಹಳೆಯ ಹೆಸರು ತಗಡೂರು. ಔವೈಯಾರ್‌ಗೆ ನೆಲ್ಲಿಕಾಯಿ ಕೊಟ್ಟ ಅದಿಯಮಾನ್ ನೆಡುಮಾನ್ ಅಂಜಿಯ ಊರು ಎಂದು ತಮಿಳರು ಅದನ್ನು ನೆನೆಯುತ್ತಾರೆ. ನಮಗೆ ಅದು ಬೇರೊಂದು ಕಾರಣಕ್ಕೆ ಹತ್ತಿರದ ಊರು. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ನೊಳಂಬರು ಆಳುತ್ತಿದ್ದರು. ಶಕ ವರ್ಷ 815ರಲ್ಲಿ, ಅಂದರೆ ಕ್ರಿ.ಶ. 893ರಲ್ಲಿ, ಮಹೇಂದ್ರ ನೊಳಂಬನ ಕಾಲದ ಕನ್ನಡ ಶಾಸನವೊಂದು ಅಲ್ಲಿ ಕಂಬದ ಮೇಲೆ ಕೆತ್ತಲ್ಪಟ್ಟಿತು. ನಿಧಿಯಣ್ಣ, ಚಂದಿಯಣ್ಣ ಎಂಬ ಅಣ್ಣತಮ್ಮಂದಿರು ತಗಡೂರಿನಲ್ಲಿ ಒಂದು ಬಸದಿ ಕಟ್ಟಿಸಿದರು. ನಿಧಿಯಣ್ಣನು ಅರಸನಿಂದ ಮೂಲಪಳ್ಳಿ ಎಂಬ ಹಳ್ಳಿಯನ್ನು ಪಡೆದು, ಬಸದಿಯ ಜೀರ್ಣೋದ್ಧಾರ, ಪೂಜೆ ಮತ್ತು ದಾನಕ್ಕಾಗಿ ಅದನ್ನು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದನು. ಮುಂದೆ ಮಹೇಂದ್ರನ ಮಗ ಅಯ್ಯಪದೇವನೂ ಬೂದುಗೂರು ಎಂಬ ಊರನ್ನು ಇದೇ ಬಸದಿಗೆ ಬಿಟ್ಟುಕೊಟ್ಟನು. ಇಷ್ಟೂ ಕಲ್ಲು ಹೇಳುವ ಮಾತು. ಬಸದಿ ಇಂದು ಇಲ್ಲ. ಆದರೆ ಆ ಬಸದಿಗೆ ಭಟಾರರು ಯಾವುದೋ ದಾರಿಯಲ್ಲಿ ನಡೆದೇ ಬಂದಿರಬೇಕಲ್ಲವೇ? ಆ ದಾರಿಯ ಮಣ್ಣನ್ನಾದರೂ ನೋಡೋಣ ಎಂಬುದು ಭಾವನವರ ಆಸೆಯಾಗಿತ್ತು.

ಜನವರಿಯಲ್ಲಿ, ಸಂಕ್ರಾಂತಿ ಕಳೆದ ವಾರ, ಹೊರಟೆವು. ಸೈಕಲ್ಲುಗಳನ್ನು ಬಾಡಿಗೆ ವಾಹನದ ತಲೆಯ ಮೇಲೆ ಕಟ್ಟಿಸಿಕೊಂಡು ಹೊಸೂರು, ಕೃಷ್ಣಗಿರಿ ದಾಟಿ ಧರ್ಮಪುರಿ ಸೇರಿದೆವು. (ಕೃಷ್ಣಗಿರಿ 2004ರ ತನಕ ಧರ್ಮಪುರಿ ಜಿಲ್ಲೆಗೇ ಸೇರಿತ್ತು.) ವಾಹನವಿಲ್ಲದ ದಾರಿ ಹುಡುಕಲು ವಾಹನದಲ್ಲೇ ಹೋದಿರಾ ಎಂದು ತಾವು ನಗಬಹುದು. ಮಗಳೂ ನಕ್ಕಳು. ಉತ್ತರ ನಮ್ಮಲ್ಲಿ ಇರಲಿಲ್ಲ.

ಊರಿನ ಕೋಟೆ ಭಾಗದಲ್ಲಿ ಮಲ್ಲಿಕಾರ್ಜುನ ದೇವಾಲಯ, ಕಾಮಾಕ್ಷಿ ಗುಡಿಗಳಿವೆ. ಅಲ್ಲಿನ ನೊಳಂಬ ಶೈಲಿಯ ಕಂಬಗಳನ್ನು ನೋಡಿದವರಿಗೆ ನಮ್ಮ ಹೇಮಾವತಿಯ ನೆನಪು ಬಾರದಿರದು. ಕಾಮಾಕ್ಷಿ ಗುಡಿಯ ಅಧಿಷ್ಠಾನದಲ್ಲಿ ಅಂಗೈಯಗಲದ ಚಿಕ್ಕ ಚಿಕ್ಕ ಫಲಕಗಳಲ್ಲಿ ರಾಮಾಯಣದ ಕಥೆಯನ್ನು ಬಿಡಿಸಿದ್ದಾರೆ. ಮಕ್ಕಳು ನೆಲಕ್ಕೆ ಕುಳಿತು ಒಂದೊಂದನ್ನೂ ಗುರುತಿಸಿದರು. ಅಲ್ಲಿಂದ ದಕ್ಷಿಣಕ್ಕೆ ಏಳೆಂಟು ಕಿಲೋಮೀಟರಿನಲ್ಲಿ ಅದಿಯಮಾನ್‌ಕೋಟೆ. ಅಲ್ಲಿನ ಚೆನ್ನರಾಯ ಪೆರುಮಾಳ್ ಗುಡಿಯ ಮಂಟಪದ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳಿವೆ.

ಹೆದ್ದಾರಿಯಲ್ಲಿ ಹೋದರೆ ಇದು ಹತ್ತು ನಿಮಿಷದ ದಾರಿ. ನಾವು ಹೆದ್ದಾರಿಗೆ ಬೆನ್ನು ಮಾಡಿ, ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಕೇಳಿಕೊಳ್ಳುತ್ತಾ, ಹುಣಸೆ ಮರಗಳ ಸಾಲು, ರಾಗಿ ಕೊಯ್ದ ಹೊಲ, ಮಾವಿನ ತೋಪುಗಳ ನಡುವಣ ಗರಸಿನ ದಾರಿ ಹಿಡಿದೆವು. ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತಿನಲ್ಲಿ ಎದುರಾದದ್ದು ಎರಡು ದ್ವಿಚಕ್ರ ವಾಹನ, ಒಂದು ಟ್ರ್ಯಾಕ್ಟರು, ಲೆಕ್ಕವಿಲ್ಲದಷ್ಟು ಮೇಕೆಗಳು. ಮೊದಲ ಅರ್ಧ ಗಂಟೆ ನಾವು "ನಿಧಾನ, ನಿಧಾನ" ಎಂದು ಕೂಗುತ್ತಲೇ ಇದ್ದೆವು. ಆಮೇಲೆ ಕೂಗುವುದನ್ನು ಮರೆತೆವು.

ಗರಸಿನ ಮೇಲೆ ಸೈಕಲ್ ತುಳಿಯುವುದು ಈಗ ಹೊರದೇಶಗಳಲ್ಲಿ ದೊಡ್ಡ ಹವ್ಯಾಸವಾಗಿದೆ. 2022ರಿಂದ ಅದಕ್ಕೆ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆಯುತ್ತಿದೆ. ಮೊದಲನೆಯದು ಇಟಲಿಯಲ್ಲಿ ನಡೆಯಿತು. ಅದಕ್ಕೆಂದೇ ತಯಾರಾಗುವ ಸೈಕಲ್ಲುಗಳಿಗೆ ನಾಲ್ಕು ಸೆಂಟಿಮೀಟರಿನ ಆಸುಪಾಸಿನ ಅಗಲದ ಟೈರು ಹಾಕಿ, ಗಾಳಿ ಸ್ವಲ್ಪ ಕಡಿಮೆ ತುಂಬುತ್ತಾರೆ. ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಆದರೆ ನಮ್ಮ ಅಜ್ಜಂದಿರ ಕರಿಯ ಸೈಕಲ್ಲಿನ ಟೈರಿನ ಮೇಲೆ ಏನು ಬರೆದಿರುತ್ತಿತ್ತು? 28 × 1½ ಇಂಚು. ಒಂದೂವರೆ ಇಂಚೆಂದರೆ ಸುಮಾರು ಮೂವತ್ತೆಂಟು ಮಿಲಿಮೀಟರು! ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ ಮಕ್ಕಳು ಎಲ್ಲವನ್ನೂ ಹೊತ್ತು ಹಳ್ಳಿಯ ಗರಸಿನಲ್ಲಿ ಓಡಾಡಿದ ಆ ಸೈಕಲ್ಲೇ ಇಂದಿನ ಹೊಸ ಸೈಕಲ್ಲಿನ ಮುತ್ತಜ್ಜ ಎಂದರೆ ತಪ್ಪಾಗಲಾರದು. ಆದ್ದರಿಂದ ಸೋದರಿಯರೇ, ಮನೆಯಲ್ಲಿರುವ ಸಾಧಾರಣ ಸೈಕಲ್ಲೇ ಸಾಕು. ಬ್ರೇಕು ಸರಿಯಿರಲಿ, ಟೈರು ಸವೆದಿರದಿರಲಿ, ತಲೆಗೆ ಹೆಲ್ಮೆಟ್ ಇರಲಿ.

ಮರುದಿನ ತೊಪ್ಪೂರು ಕಣಿವೆಯ ಕಡೆಯ ಮುತ್ತಂಪಟ್ಟಿಗೆ ಹೋದೆವು. ಕಾಡು ಗುಡ್ಡಗಳ ನಡುವೆ ಒಂದು ಪುಟ್ಟ ರೈಲು ನಿಲ್ದಾಣ, ಪಕ್ಕದಲ್ಲಿ ಆಂಜನೇಯನ ಗುಡಿ. ಬೆಂಗಳೂರು–ಸೇಲಂ ರೈಲು ಈ ಕಣಿವೆಯಲ್ಲಿ ಬಳುಕಿಕೊಂಡು ಹೋಗುತ್ತದೆ. 2021ರ ನವೆಂಬರಿನಲ್ಲಿ ಗುಡ್ಡದಿಂದ ಬಂಡೆ ಉರುಳಿ ಯಶವಂತಪುರದ ಕಡೆಗೆ ಬರುತ್ತಿದ್ದ ಕಣ್ಣೂರಿನ ರೈಲು ಹಳಿ ತಪ್ಪಿದ್ದು ಇದೇ ಘಟ್ಟದಲ್ಲಿ, ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಇದೇ ತೊಪ್ಪೂರು ಘಟ್ಟದ ಹೆದ್ದಾರಿಯಾದರೋ ಅಪಘಾತಗಳಿಗೆ ಹೆಸರಾದದ್ದು.

ಮುತ್ತಂಪಟ್ಟಿಯ ಹೆಸರನ್ನು ನಾವು ಮೊದಲು ಓದಿದ್ದು ಒಂದು ಮೈಲಿಗಲ್ಲಿನ ಸಂಬಂಧದಲ್ಲಿ. ಇಲ್ಲಿ ಮತ್ತು ಧರ್ಮಪುರಿಯ ಬಳಿಯ ಪುದೂರಿನಲ್ಲಿ ಒಂದೊಂದು ಹಳೆಯ ಕಲ್ಲು ಸಿಕ್ಕಿದೆ. ಎರಡರ ಮೇಲೂ "ಅದಿಯಮಾನ್ ಪೆರುವಳಿ" ಎಂದು ಕೆತ್ತಿದೆ. ಪೆರುವಳಿ ಎಂದರೆ ಹೆದ್ದಾರಿ. ನಾವಲ್ ತಾವಳ ಎಂಬ ಸ್ಥಳಕ್ಕೆ ಪುದೂರಿನ ಕಲ್ಲಿನಿಂದ 27 ಕಾದ, ಮುತ್ತಂಪಟ್ಟಿಯ ಕಲ್ಲಿನಿಂದ 29 ಕಾದ ಎಂದು ಅವು ಹೇಳುತ್ತವೆ. ಕಾದವೆಂದರೆ ನಮ್ಮ ಗಾವುದದಂಥ ಒಂದು ಅಳತೆ. ಬೆರಗಿನ ಸಂಗತಿಯೆಂದರೆ, ಅಂಕಿಯನ್ನು ಅಕ್ಷರದಲ್ಲಿ ಕೆತ್ತಿ ಸುಮ್ಮನಾಗಲಿಲ್ಲ. ಕೆಳಗೆ ಹತ್ತಕ್ಕೊಂದರಂತೆ ಎರಡು ದೊಡ್ಡ ಕುಳಿ, ಬಿಡಿಗೊಂದರಂತೆ ಏಳು ಅಥವಾ ಒಂಬತ್ತು ಸಣ್ಣ ಕುಳಿ ಕೊರೆದಿದ್ದಾರೆ. ಓದುಬಾರದ ಬಂಡಿಯವನೂ, ಕತ್ತಲಲ್ಲಿ ಬಂದ ದಾರಿಹೋಕನೂ ಬೆರಳಿನಿಂದ ತಡವಿ ದೂರ ತಿಳಿಯಬಹುದು! ಎಂಟುನೂರು ವರ್ಷಗಳ ಹಿಂದೆ ರಸ್ತೆ ಮಾಡಿದವರ ಮನಸ್ಸಿನಲ್ಲಿ ಕಾಲ್ನಡಿಗೆಯವನು ಇದ್ದ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಅದೇ ಅದಿಯಮಾನ್ ವಂಶದ ವಿಡುಕಾದಳಗಿಯ ಪೆರುಮಾಳ್ ಎಂಬ ಅರಸ, ಪೋಳೂರು ಬಳಿಯ ತಿರುಮಲೆಯಲ್ಲಿ ತನ್ನ ಪೂರ್ವಿಕನು ಮಾಡಿಸಿದ್ದ ಯಕ್ಷ ಯಕ್ಷಿಯರ ಮೂರ್ತಿಗಳನ್ನು ಮತ್ತೆ ಪ್ರತಿಷ್ಠಾಪಿಸಿದನೆಂದು ಅಲ್ಲಿನ ಶಾಸನ ಹೇಳುತ್ತದೆ. ತಗಡೂರಿನಿಂದ ತಿರುಮಲೆಗೆ ಹೋಗುವವರೂ ಇಂಥ ದಾರಿಗಳಲ್ಲೇ ನಡೆದಿರಬೇಕು.

ಊರ ಹೊರಗಿನ ಕೆರೆಯ ಏರಿಯ ಮೇಲೆ ಭಾವನವರು ವಾಹನದಿಂದ ಇಳಿದರು. ಮಕ್ಕಳು ಮುಂದೆ ಸೈಕಲ್ಲಿನಲ್ಲಿ, ಅವರು ಹಿಂದೆ ಊರುಗೋಲು ಹಿಡಿದು. ನಾವು ಬೇಕೆಂದೇ ದೂರ ಉಳಿದೆವು. ಹೆಚ್ಚುಕಡಿಮೆ ಎರಡು ಫರ್ಲಾಂಗು ನಡೆದರು. ಒಂದು ಸಲವೂ ಹಿಂತಿರುಗಿ ನೋಡಲಿಲ್ಲ. ಮೂರು ವರ್ಷದಲ್ಲಿ ಇದೇ ಮೊದಲು. ಏರಿಯ ಕೊನೆಯಲ್ಲಿ ಕುಳಿತು, "ನಾಲ್ಕು ಮೊಳ ಮುಂದಿನ ನೆಲ ನೋಡಿಕೊಂಡು ನಡೆಯಬೇಕೆಂದು ಈರ್ಯಾಸಮಿತಿಯಲ್ಲಿ ಓದುತ್ತೇವೆ. ಹೆದ್ದಾರಿಯಲ್ಲಿ ನೆಲ ನೋಡುವವನು ಲಾರಿ ನೋಡಲಾರ, ಲಾರಿ ನೋಡುವವನು ನೆಲ ನೋಡಲಾರ" ಎಂದರು. ಮಗ ಆ ಹೊತ್ತಿಗೆ ಸೈಕಲ್ ನಿಲ್ಲಿಸಿ, ದಾರಿಗೆ ಅಡ್ಡವಾಗಿ ಸಾಗುತ್ತಿದ್ದ ಇರುವೆಗಳ ಸಾಲು ದಾಟಿಹೋಗಲೆಂದು ಕಾಯುತ್ತಿದ್ದ. ಯಾರೂ ಅವನಿಗೆ ಹೇಳಿರಲಿಲ್ಲ.

ಸಂತೋಷದ ಮಾತು ಇಷ್ಟೇ ಆಗಿದ್ದರೆ ಈ ಅಂಕಣವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಮೂರನೆಯ ದಿನ ನಮಗೆ ಇನ್ನೊಂದು ಪಾಠವಾಯಿತು.

ಧರ್ಮಪುರಿಯಿಂದ ಸುಮಾರು 25 ಕಿಲೋಮೀಟರು ದೂರದಲ್ಲಿ ವತ್ತಲ್‌ಮಲೆ ಇದೆ. ಮಲೆಯಾಳಿ ಎಂಬ ಗಿರಿಜನರ ಹಳ್ಳಿಗಳು, ಕಾಫಿ ಗಿಡಗಳು, ಸಾಮೆ ರಾಗಿಯ ಹೊಲಗಳು. (ಮಲೆಯನ್ನು ಆಳುವವರೆಂಬ ಅರ್ಥದ ಹೆಸರು, ಕೇರಳಕ್ಕೂ ಇದಕ್ಕೂ ಸಂಬಂಧವಿಲ್ಲ. ಏರ್ಕಾಡಿನ ಶೇರ್ವರಾಯನ್ ಬೆಟ್ಟ, ಹರೂರಿನ ಸಿತ್ತೇರಿ ಬೆಟ್ಟಗಳಲ್ಲೂ ಇವರದೇ ಊರುಗಳು.) ಇಪ್ಪತ್ತಕ್ಕೂ ಹೆಚ್ಚು ಹಿಮ್ಮುರಿ ತಿರುವುಗಳ ಟಾರು ರಸ್ತೆ ಆ ಬೆಟ್ಟಕ್ಕೆ ಬಂದದ್ದು ಈಚಿನ ವರ್ಷಗಳಲ್ಲಿ. ಮೇಲೆ ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣಿನ ದಾರಿಗಳಲ್ಲಿ ಮಕ್ಕಳು ಮನಸಾರೆ ಸೈಕಲ್ ತುಳಿದರು. ಒಂದು ಮನೆಯ ಅಂಗಳದಲ್ಲಿ ನೀರು ಕೇಳಿದಾಗ ಅಲ್ಲಿನ ಅಜ್ಜಿ, ಇಷ್ಟು ದೂರ ಏಕೆ ಬಂದಿರಿ ಎಂದು ಕೇಳಿದರು. ಗಾಡಿ ಬಾರದ ದಾರಿ ಹುಡುಕಿ ಬಂದೆವು ಎಂದು ನಮ್ಮ ಹರಕು ತಮಿಳಿನಲ್ಲಿ ಹೇಳಿದೆವು. ಆಕೆ ಸ್ವಲ್ಪ ಹೊತ್ತು ನಮ್ಮನ್ನೇ ನೋಡಿ, "ಗಾಡಿ ಬರುವ ದಾರಿಗಾಗಿ ನಾವು ಆಯುಷ್ಯವೆಲ್ಲ ಕಾದೆವು. ಹೆರಿಗೆಯ ಹೆಂಗಸನ್ನು ಬಟ್ಟೆಯ ಜೋಲಿಯಲ್ಲಿ ಹೊತ್ತು ಇಳಿದದ್ದು ನನಗೆ ನೆನಪಿದೆ" ಎಂದರು.

ನಾವು ತಲೆ ತಗ್ಗಿಸಿದೆವು.

ಇದು ಹಳೆಯ ಕಾಲದ ಮಾತಲ್ಲ. ಇದೇ ಜಿಲ್ಲೆಯ ಪೆನ್ನಾಗರಂ ಕಡೆಯ ಕೋಟೂರು ಬೆಟ್ಟಕ್ಕೆ ವಾಹನ ಹೋಗುವ ರಸ್ತೆಯಿಲ್ಲದೆ, 2021ರ ಮತ್ತು 2024ರ ಚುನಾವಣೆಗಳಲ್ಲೂ ಮತಯಂತ್ರಗಳನ್ನು ಕತ್ತೆಗಳ ಬೆನ್ನ ಮೇಲೆ ಸಾಗಿಸಬೇಕಾಯಿತು. ಅಲ್ಲಿ ಹಾವು ಕಚ್ಚಿದವನಿಗೆ, ಹೆರಿಗೆ ನೋವು ತಿನ್ನುವವಳಿಗೆ ನಮ್ಮ "ಪ್ರಶಾಂತವಾದ ಕಾಲುದಾರಿ" ಎಂಬ ಮಾತು ಹೇಗೆ ಕೇಳಿಸೀತು? ನಮ್ಮ ಮಕ್ಕಳ ವಿಹಾರಕ್ಕಾಗಿ ಇನ್ನೊಬ್ಬರ ಊರು ರಸ್ತೆಯಿಲ್ಲದೆ ಇರಲಿ ಎಂದು ಬಯಸುವುದು ಹಿಂಸೆಯೇ ಸರಿ. ಇದನ್ನು ಮರೆತು ನಾವು ಈ ಪ್ರವಾಸವನ್ನು ವರ್ಣಿಸಿದ್ದರೆ ಅದು ಅರ್ಧ ಸತ್ಯವಾಗುತ್ತಿತ್ತು.

ಹಾಗಾದರೆ ಬೇಕಾದದ್ದು ಯಾವುದು? ಊರಿಗೊಂದು ಬಸ್ಸು, ಆಂಬುಲೆನ್ಸು ಬರುವ ರಸ್ತೆ ಇರಲೇಬೇಕು. ಅದರ ಜೊತೆಗೆ ಹಳೆಯ ಬಂಡಿದಾರಿ, ಕಾಲುದಾರಿಗಳೂ ಉಳಿಯಬೇಕು. ಒಂದು ಬಂದರೆ ಇನ್ನೊಂದು ಸಾಯಬೇಕೆಂಬ ನಿಯಮವೇನೂ ಇಲ್ಲ. ಇಟಲಿಯ ಟಸ್ಕನಿ ಪ್ರಾಂತದಲ್ಲಿ ಬಿಳಿಯ ಗರಸಿನ ಹಳೆಯ ರಸ್ತೆಗಳು ಒಂದೊಂದಾಗಿ ಟಾರಿನಡಿ ಮರೆಯಾಗುತ್ತಿದ್ದಾಗ, ಜಾನ್‌ಕಾರ್ಲೊ ಬ್ರೋಚ್ಚಿ ಎಂಬವರು 1997ರಲ್ಲಿ ಹಳೆಯ ಸೈಕಲ್ಲುಗಳ ಸವಾರಿಯೊಂದನ್ನು ಆರಂಭಿಸಿದರು. ಅದರ ಹೆಸರು ಎರೋಯಿಕ. ಇಂದು ಜಗತ್ತಿನ ಮೂಲೆಮೂಲೆಯಿಂದ ಜನ ಆ ಗರಸನ್ನು ತುಳಿಯಲು ಹೋಗುತ್ತಾರೆ. ಸ್ಪೇನಿನಲ್ಲಿ 1993ರಿಂದ ಕೈಬಿಟ್ಟ ರೈಲುಮಾರ್ಗಗಳನ್ನೇ ನಡಿಗೆ ಮತ್ತು ಸೈಕಲ್ಲಿನ ಹಸಿರು ದಾರಿಗಳನ್ನಾಗಿ ಮಾಡುತ್ತಾ ಬಂದಿದ್ದಾರೆ. ನಮ್ಮ ಧರ್ಮಪುರಿಯಲ್ಲೂ ಅಂಥದೊಂದು ಮಾರ್ಗವಿತ್ತು. ಮೊರಪ್ಪೂರಿನಿಂದ ಧರ್ಮಪುರಿಗೆ 1906ರಲ್ಲಿ ಪುಟ್ಟ ರೈಲು ಬಂತು, 1913ರಲ್ಲಿ ಹೊಸೂರಿನ ತನಕ ಬೆಳೆಯಿತು, ಯುದ್ಧಕಾಲದಲ್ಲಿ, 1941ರಲ್ಲಿ, ಮುಚ್ಚಿತು. ಮೊರಪ್ಪೂರು–ಧರ್ಮಪುರಿ ನಡುವೆ ಮತ್ತೆ ರೈಲು ಹಾಕಲು 2019ರಲ್ಲಿ ಶಂಕುಸ್ಥಾಪನೆಯಾಯಿತು. ಜನಕ್ಕೆ ರೈಲೇ ಬೇಕು, ಬರಲಿ. ಅದರ ಪಕ್ಕದಲ್ಲಿ ಆರಡಿ ಗರಸು ಬಿಟ್ಟರೆ ಯಾರಿಗೂ ನಷ್ಟವಿಲ್ಲ.

ನಮ್ಮ ಸಮಾಜಕ್ಕೆ ಈ ಆರಡಿ ಗರಸು ಬರೀ ವಿನೋದದ ಮಾತಲ್ಲ. ಬರಿಗಾಲಿನಲ್ಲಿ ವಿಹಾರ ಮಾಡುವ ಮುನಿಗಳು, ಆರ್ಯಿಕೆಯರು, ಜೊತೆಗೆ ನಡೆಯುವ ಶ್ರಾವಕರು ಹೆದ್ದಾರಿಯಲ್ಲಿ ಅಪಘಾತಕ್ಕೀಡಾದ ಸುದ್ದಿ ವರ್ಷವರ್ಷವೂ ಬರುತ್ತಿರುತ್ತದೆ. ನಾವು ಎರಡು ದಿನ ಮರುಗಿ ಮರೆಯುತ್ತೇವೆ. ಮರುಗುವುದರ ಬದಲು ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಹಳ್ಳಿಯ ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಗುರುತಿಸಿರುತ್ತಾರೆ. ನಿಮ್ಮ ಊರಿನಿಂದ ಮುಂದಿನ ಬಸದಿಯಿರುವ ಊರಿಗೆ ಹೆದ್ದಾರಿ ಬಿಟ್ಟು ಯಾವ ದಾರಿಯಿದೆ? ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು, ಊರ ಹಿರಿಯರನ್ನು ಕೇಳಿ, ಸೈಕಲ್ಲಿನಲ್ಲಿ ಹೋಗಿ ನೋಡಿ. ಎಲ್ಲಿ ನೆರಳಿದೆ, ಎಲ್ಲಿ ಬಾವಿಯಿದೆ, ಎಲ್ಲಿ ಬೇಲಿ ಹಾಕಿ ದಾರಿ ಮುಚ್ಚಿದ್ದಾರೆ ಎಂದು ಬರೆದಿಡಿ. ವಿಹಾರದ ವ್ಯವಸ್ಥೆ ನೋಡುವವರಿಗೆ ಅದರ ಒಂದು ಪ್ರತಿ ಕೊಡಿ. ಮಕ್ಕಳಿಗೆ ಸೈಕಲ್ ಸವಾರಿ, ಸಂಘಕ್ಕೆ ಸುರಕ್ಷಿತ ದಾರಿ.

ಸೇಲಂ, ಧರ್ಮಪುರಿ ಕಡೆಗೇ ಹೋಗಬಯಸುವವರಿಗೆ ನಾಲ್ಕು ಮಾತು. ಏರ್ಕಾಡಿನಲ್ಲಿ ಕಾಫಿ ತೋಟಗಳ ನಡುವೆ ಸುಮಾರು 32 ಕಿಲೋಮೀಟರಿನ ಸುತ್ತುರಸ್ತೆಯಿದೆ. ಟಾರಿನದಾದರೂ ವಾರದ ನಡುವೆ ವಾಹನ ವಿರಳ. ಸೇಲಂ ಜಿಲ್ಲೆಯ ಪಣ್ಣವಾಡಿಯಲ್ಲಿ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನ ನೀರು ಬೇಸಿಗೆಯಲ್ಲಿ ಇಳಿದಾಗ, ಮುಳುಗಿದ ಹಳ್ಳಿಗಳ ನಂದಿ ವಿಗ್ರಹ ಮತ್ತು ಇಗರ್ಜಿಯ ಗೋಪುರ ಮೇಲೇಳುತ್ತವೆ. ನಮ್ಮ ಕಾವೇರಿಯೇ ಅಲ್ಲಿ ಸಮುದ್ರದಂತೆ ನಿಂತಿದ್ದಾಳೆ. ಪೆನ್ನಾಗರಂ, ಹೊಗೆನಕಲ್ ಕಡೆಯ ಕಾಡಿನಲ್ಲಿ ಆನೆಗಳಿವೆ. ಅಲ್ಲಿನ ಕಾಡಿನ ಬಹುಭಾಗ ಇಂದು ಕಾವೇರಿ ವನ್ಯಜೀವಿ ಧಾಮಗಳಿಗೆ ಸೇರಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳದಾರಿ ಹಿಡಿಯುವುದು ಕಾನೂನಿಗೂ ಜೀವಕ್ಕೂ ಸಲ್ಲದು. ಮಳೆಗಾಲದಲ್ಲಿ ಹೋಗಬೇಡಿ, ಗರಸು ಜಾರುತ್ತದೆ, ನೆಲದ ತುಂಬ ಜೀವಿಗಳು ಹರಿದಾಡುತ್ತಿರುತ್ತವೆ. ಬಿಸಿಲೇರುವ ಮುಂಚೆ ಹೊರಟು, ಹೊತ್ತು ಮುಳುಗುವ ಮುಂಚೆ ಊಟ ಮುಗಿಯುವಂತೆ ತಂಗುವ ಸ್ಥಳ ಸೇರಿ. ಕಾಯಿಸಿ ಸೋಸಿದ ನೀರು, ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಪಂಕ್ಚರಿನ ಸಾಮಾನು ಜೊತೆಗಿರಲಿ.

ಹಿಂತಿರುಗುವಾಗ ಭಾವನವರು ವಾಹನದಲ್ಲಿ ನಿದ್ದೆ ಹೋದರು. ಮಗಳು ಪುಸ್ತಕವೊಂದರ ಹಿಂದಿನ ಹಾಳೆಯಲ್ಲಿ ನಾವು ಹೋದ ದಾರಿಗಳ ಚಿತ್ರ ಬರೆದಳು. ಪ್ರತಿ ಊರಿನ ಪಕ್ಕದಲ್ಲೂ ಒಂದು ಕಲ್ಲು. ಹತ್ತು ಕಿಲೋಮೀಟರಿಗೆ ಒಂದು ದೊಡ್ಡ ಕುಳಿ, ಬಿಡಿಗೆ ಸಣ್ಣ ಕುಳಿ. ಪತ್ರ ಬರೆದ ಸೋದರಿಗೆ ನಮ್ಮ ಉತ್ತರವೂ ಅದೇ. ಮಕ್ಕಳನ್ನು ಹೆದ್ದಾರಿಗೆ ಬಿಡಬೇಡಿ. ಆದರೆ ಮನೆಯಲ್ಲೂ ಕೂಡಿಹಾಕಬೇಡಿ. ಅವರ ಜೊತೆ ಹೊರಟು, ಅವರಿಗೊಂದು ದಾರಿ ಹುಡುಕಿ ಕೊಡಿ. ನಿಮ್ಮ ಊರಿನ ಆ ದಾರಿ ಯಾವುದೆಂದು ನಮಗೂ ಬರೆದು ತಿಳಿಸಿ.

ಜೈ ಜಿನೇಂದ್ರ.